ಫ್ಯಾನ್ ಆರಿಸುವ ಮಂಡಿ

ಅರಸೀಕೆರೆಯ ಅರ್ಧ ಮಾರುಕಟ್ಟೆ ಎದ್ದು ನಿಂತು ನಮಸ್ಕಾರ ಹೇಳುವ ಹಿರಿಯರೊಬ್ಬರ ಮುಂದೆ ಹೋಗಿ, "ದಯವಿಟ್ಟು ಎರಡೂ ಕಿವಿಗೆ ಹತ್ತಿ ಇಟ್ಟುಕೊಳ್ಳಿ" ಎನ್ನುವುದು ಸುಲಭದ ಕೆಲಸವಲ್ಲ. ಹೇಳಲೇಬೇಕೆಂದು ಹೋಗಿ, ಅವರು ತರಿಸಿಕೊಟ್ಟ ಕಾಫಿ ಕುಡಿದು, ಹೇಳದೆಯೇ ಬಸ್ಸು ಹತ್ತಿ ಹಳೇಬೀಡಿಗೆ ವಾಪಸಾದ ದಿನಗಳೂ ಇವೆ. ಹತ್ತಿಯ ಸುರುಳಿ ನನ್ನ ಬ್ಯಾಗಿನಲ್ಲೇ ಮುದ್ದೆಯಾಗಿ ಹೋಗಿತ್ತು. ಯಾಕೆಂದರೆ ಆ ಕೊಬ್ಬರಿ ಮಂಡಿಯ ಯಜಮಾನರ ಹೆಸರಿಗಿಂತ ಅವರ ಕಿವಿಯೇ ಊರಿನಲ್ಲಿ ಹೆಚ್ಚು ಪ್ರಸಿದ್ಧವಾಗಿತ್ತು.

ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವವಳು. ತಲೆಗೂದಲು ನೆರೆಯುವ ವಯಸ್ಸಿನಲ್ಲಿ ಪಿಎಚ್‌ಡಿ ಮಾಡುವ ಹಟ ಹಿಡಿದಿದ್ದೆ. ಒಂದು ಕೆಲಸದಲ್ಲಿ ಪಳಗಿದವರ ತಲೆಯಲ್ಲಿ ಆ ಕೆಲಸದ ತಿಳಿವಳಿಕೆ ಹೇಗೆ ಜೋಡಣೆಯಾಗಿರುತ್ತದೆ, ಅದನ್ನು ಅವರು ಹೊಸಬರಿಗೆ ಹೇಗೆ ದಾಟಿಸುತ್ತಾರೆ ಎನ್ನುವುದು ನನ್ನ ವಿಷಯ. ಬೇರೆ ಕಡೆ ಇಂಥ ಸಂಶೋಧನೆಗೆ ಚದುರಂಗದ ಆಟಗಾರರನ್ನೋ ವೈದ್ಯರನ್ನೋ ಆರಿಸಿಕೊಳ್ಳುತ್ತಾರೆ. ನಾನು ದಿನಾ ಬಸ್ಸಿಳಿಯುವ ಊರಿನಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ಕೊಬ್ಬರಿ. ಅದನ್ನೇ ಆರಿಸಿಕೊಂಡೆ.

ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಸುಲಿದು ತೆಗೆದ ಆ ಇಡೀ ಉಂಡೆಯೇ ಗಿಟುಕು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರದ ಕಂದು ಉಂಡೆಗಳು. ಒಳಗೆ ಕೆಲವು ಬೆಳ್ಳಗೆ ಗಟ್ಟಿಯಾಗಿರುತ್ತವೆ, ಕೆಲವು ಕೆಟ್ಟು ಹಳದಿ ತಿರುಗಿ ಕಮಟು ವಾಸನೆ ಹೊಡೆಯುತ್ತವೆ. ಕೆಟ್ಟದ್ದಕ್ಕೆ ಕೌಟು ಎನ್ನುತ್ತಾರೆ. ಒಡೆದು ನೋಡಿದರೆ ನನ್ನಂಥವಳಿಗೂ ಗೊತ್ತಾಗುತ್ತದೆ, ಆದರೆ ಒಡೆದ ಮೇಲೆ ಅದು ಗಿಟುಕಾಗಿ ಉಳಿಯುವುದಿಲ್ಲ. ಆದ್ದರಿಂದ ಮಂಡಿಯಲ್ಲಿ ಕೂತವರು ಒಡೆಯದೆ ಹೇಳಬೇಕು.

ಯಜಮಾನರು ಹೇಳುತ್ತಿದ್ದರು. ಅವರ ಮಂಡಿಯಲ್ಲಿ ಮಾಲು ನೋಡುವುದಕ್ಕೆ ಒಂದು ಪದ್ಧತಿ ಇತ್ತು. ರೈತರು ಚೀಲ ಬಿಚ್ಚಿದ ತಕ್ಷಣ ಯಾರಾದರೂ ಎದ್ದು ಫ್ಯಾನ್ ಆರಿಸುತ್ತಿದ್ದರು. ಎಂಥ ಬೇಸಿಗೆಯಾದರೂ ಸರಿ. ಹಮಾಲಿಗಳು ಮೂಟೆ ಎತ್ತುವುದನ್ನು ನಿಲ್ಲಿಸುತ್ತಿದ್ದರು, ಮೊಬೈಲುಗಳು ಬಾಯಿ ಮುಚ್ಚುತ್ತಿದ್ದವು. ವಿಭೂತಿ ಹಚ್ಚಿದ ಹಣೆ ಬೆವರುತ್ತಿದ್ದರೂ ಯಜಮಾನರು ಕಣ್ಣು ಅರೆಮುಚ್ಚಿ, ಎರಡು ಗಿಟುಕನ್ನು ಬಲಗಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಟ್ಟುತ್ತಿದ್ದರು. "ಇದು ಆಯ್ತದೆ. ಇದು ಕೌಟು." ಅವರು ಕೌಟು ಎಂದದ್ದನ್ನು ಮೊದಮೊದಲು ನಾನು ಅನುಮಾನದಿಂದ ಒಡೆಸಿ ನೋಡಿದೆ. ಕೌಟೇ ಆಗಿರುತ್ತಿತ್ತು.

ಪಕ್ಕದಲ್ಲಿ ಅವರ ಮಗಳು ಇರುತ್ತಿದ್ದಳು. ಬಿ.ಕಾಂ. ಮುಗಿಸಿ ಮಂಡಿಯ ವ್ಯವಹಾರವನ್ನೆಲ್ಲ ಅವಳೇ ನೋಡುತ್ತಿದ್ದಳು, ಮಾಲು ನೋಡುವುದೊಂದನ್ನು ಬಿಟ್ಟು. ದಿನವೂ ಸಂಜೆ ಅವಳಿಗೆ ಪಾಠ. ಅದನ್ನು ನಾನು ಮೂಲೆಯಲ್ಲಿ ಕೂತು ವಿಡಿಯೋ ತೆಗೆದು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ.

"ಕಿವಿ ಹತ್ರ ಹಿಡಿ ಮಗ. ಬಿಗಿಯಾಗಿ ಹಿಡಿ, ಜಾರ್ತದೆ. ಈಗ ತಟ್ಟು. ಏನ್ ಕೇಳ್ತು?"

"ಟಕ್ ಅಂತು ಅಪ್ಪಾಜಿ."

"ಎಲ್ಲಾನೂ ಟಕ್ ಅಂತಲೇ ಅನ್ನೋದು. ಯಾವ ಟಕ್ಕು?"

ಅವಳು ಕಣ್ಣು ಮುಚ್ಚಿ ಮತ್ತೆ ತಟ್ಟುವಳು. ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಆಗುತ್ತಿತ್ತು.

ದೀಪಾವಳಿಯ ಅಂಗಡಿ ಪೂಜೆಯ ದಿನ ಗಾದಿಯ ಮೇಲೆ ತಮ್ಮ ನಂತರದವರನ್ನು ಕೂರಿಸುವುದೆಂದು ಯಜಮಾನರು ತೀರ್ಮಾನಿಸಿದ್ದರು. ಮಗಳಿಗೆ ಅಷ್ಟರೊಳಗೆ ಮಾಲು ನೋಡಲು ಬಂದರೆ ಅವಳು, ಇಲ್ಲದಿದ್ದರೆ ಅವರ ಅಣ್ಣನ ಮಗ. ಅವನಿಗೂ ಬೇರೆ ಮಂಡಿಯಲ್ಲಿ ಕೂತು ಅಭ್ಯಾಸವಿತ್ತು. ಒಂದು ದಿನ ಬಸ್ ನಿಲ್ದಾಣದವರೆಗೆ ನನ್ನನ್ನು ಬಿಡಲು ಬಂದ ಹುಡುಗಿ ಸ್ಕೂಟರ್ ನಿಲ್ಲಿಸಿ, "ಮೇಡಂ, ನನಗೆ ಬೇರೇನೂ ಬೇಡ, ಇದೇ ಬೇಕು. ಆದ್ರೆ ಕೊಬ್ಬರಿ ನೋಡೋಕೆ ಬರ್ದೇ ಇರೋಳು ಗಾದಿ ಮೇಲೆ ಕೂತ್ರೆ ರೈತರು ನಗ್ತಾರೆ. ನನಗೆ ಕಿವೀನೇ ಇಲ್ವೇನೋ ಅನ್ಸುತ್ತೆ" ಎಂದಳು. ಕಣ್ಣಲ್ಲಿ ನೀರಿತ್ತು. ಸಂಶೋಧಕಿಯಾಗಿ ನಾನು ಏನೂ ಹೇಳುವಂತಿರಲಿಲ್ಲ. ನನ್ನ ಅಧ್ಯಯನದಲ್ಲಿ ಕಲಿಯುವವರ ಗುಂಪಿಗೆ ಅವಳೂ ಒಬ್ಬಳು, ಅವಳ ಕಲಿಕೆಯಲ್ಲಿ ನಾನು ಕೈ ಹಾಕಬಾರದು. ಭುಜ ತಟ್ಟಿ ಬಸ್ಸು ಹತ್ತಿದೆ. ಜಾವಗಲ್ ದಾಟುವವರೆಗೂ ಮನಸ್ಸು ಸರಿಯಿರಲಿಲ್ಲ.

ಮೊದಲ ಪ್ರಯೋಗ ಹೂವೆತ್ತಿದಂತೆ ಆಯಿತು. ಹಗರೆ, ಹುಲಿಕೆರೆ ಕಡೆಯ ಮನೆಗಳಿಂದಲೂ ಅರಸೀಕೆರೆಯ ಸುತ್ತಲಿಂದಲೂ ಗಿಟುಕು ತಂದು ಚಾಪೆಯ ಮೇಲೆ ಹರಡಿ, "ನಿಮಗೆ ತೋಚಿದ ಹಾಗೆ ಗುಂಪು ಮಾಡಿ" ಎಂದೆ. ನನ್ನ ಕಾಲೇಜಿನ ವಿದ್ಯಾರ್ಥಿಗಳು ದೊಡ್ಡದು ಚಿಕ್ಕದು ಎಂದು ಗುಂಪು ಮಾಡಿದರು. ಮಗಳು ಮಾರುಕಟ್ಟೆಯ ದರ್ಜೆಯ ಪ್ರಕಾರ ಜೋಡಿಸಿದಳು. ಯಜಮಾನರ ಗುಂಪುಗಳು ಮೊದಲು ನನಗೆ ಅರ್ಥವೇ ಆಗಲಿಲ್ಲ, ದೊಡ್ಡವೂ ಚಿಕ್ಕವೂ ಒಟ್ಟೊಟ್ಟಿಗೆ ಬಿದ್ದಿದ್ದವು. ಕೇಳಿದರೆ, "ಇವು ಅಡಿಗೆಮನೆ ಅಟ್ಟದವು, ಹೊಗೆ ಕುಡಿದವೆ. ಇವು ಗಾಳಿ ಆಡೋ ಅಟ್ಟದವು. ಇವು ಸೋರೋ ಅಟ್ಟದವು ಕಣಮ್ಮ, ಪಾಪ ಹೆಂಚು ತೆಗೆಸಿಲ್ಲ ಅವರು" ಎಂದರು. ಹೊಸಬರು ಕಣ್ಣಿಗೆ ಕಾಣುವುದನ್ನು ಹಿಡಿದು ಗುಂಪು ಮಾಡಿದರೆ, ಪಳಗಿದವರು ಅದು ಹಾಗಾಗಲು ಕಾರಣವೇನೋ ಅದನ್ನು ಹಿಡಿದು ಮಾಡುತ್ತಾರೆ. ಪುಸ್ತಕದಲ್ಲಿ ಓದಿದ್ದ ಮಾತು ಚಾಪೆಯ ಮೇಲೆ ಬಿದ್ದಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಫೋನಿನಲ್ಲಿ ನನ್ನ ಮಾರ್ಗದರ್ಶಕರೂ, ಹೊಗಳುವುದೇ ಅಪರೂಪದ ಮನುಷ್ಯ, "ಚೆನ್ನಾಗಿದೆ, ಮುಂದುವರಿಸಿ" ಎಂದರು.

ಮುಂದಿನದು ಶಬ್ದದ ಪ್ರಯೋಗ. ಅಲ್ಲಿಂದ ನನ್ನ ಗ್ರಹಚಾರ ಕೆಟ್ಟಿತು.

ಕೆಲಸ ಮಾಡುವಾಗ ತಲೆಯಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಎಂದು ಯಜಮಾನರನ್ನು ಕೇಳಿಕೊಂಡಿದ್ದೆ. ಅವರು ಹೇಳಿದ್ದೆಲ್ಲ ಕಿವಿಯ ಮಾತೇ. ಗಟ್ಟಿ ದನಿ, ಬೋಳು ದನಿ, ಒದ್ದೆ ದನಿ. ಹಾಗಾದರೆ ಬರೀ ದನಿಯನ್ನು ಕೊಟ್ಟು ನೋಡೋಣ ಎಂದು, ಅತ್ತೆಯವರ ಮದುವೆ ಕಾಲದ ಜಮಖಾನ ಹೊತ್ತುಕೊಂಡು ಹೋಗಿ ಮಂಡಿಯ ಉಗ್ರಾಣಕ್ಕೆ ಅಡ್ಡಲಾಗಿ ಕಟ್ಟಿದೆ. ಈಚೆ ಕೂತು ನಾನು ಗಿಟುಕು ತಟ್ಟುವುದು, ಆಚೆ ಕೂತು ಅವರು ಹೇಳುವುದು. ಸರಿಯೋ ತಪ್ಪೋ ಎಂದು ಆಗ ಹೇಳುವಂತಿಲ್ಲ. ಎಲ್ಲಕ್ಕೂ ಗುರುತು ಹಾಕಿ ಮನೆಗೆ ಕೊಂಡೊಯ್ದು ಒಡೆದು ನೋಡಿದೆ.

ಯಜಮಾನರ ಉತ್ತರಗಳು ಅದೇ ಪರೀಕ್ಷೆಗೆ ನನ್ನ ವಿದ್ಯಾರ್ಥಿಗಳು ಕೊಟ್ಟ ಉತ್ತರಗಳಿಗಿಂತ ಹೆಚ್ಚೇನೂ ಚೆನ್ನಾಗಿರಲಿಲ್ಲ.

ಎಲ್ಲೋ ನನ್ನದೇ ತಪ್ಪು ಎಂದುಕೊಂಡೆ. ಜಮಖಾನ ದಪ್ಪವಾಯಿತೇನೋ ಎಂದು ತೆಳು ಪಂಚೆ ಕಟ್ಟಿದೆ. ನನ್ನ ತಟ್ಟು ಮೆತ್ತಗಿದ್ದಿರಬೇಕೆಂದು ಯಜಮಾನರೇ ತಟ್ಟಿದ್ದನ್ನು ಒಳ್ಳೆಯ ಮೈಕಿನಲ್ಲಿ ಮುದ್ರಿಸಿ ಮಾರನೇ ವಾರ ಅವರಿಗೇ ಕೇಳಿಸಿದೆ. ಅದೇ ಗತಿ. ಒಡೆದ ಕೊಬ್ಬರಿ ನಮ್ಮ ಮನೆಯಲ್ಲಿ ರಾಶಿ ಬಿತ್ತು. ಚಟ್ನಿಪುಡಿ, ಮಿಠಾಯಿ, ಹೋಳಿಗೆ ಎಲ್ಲ ಮುಗಿದು, ಬಸ್ತಿಹಳ್ಳಿಯ ನೆಂಟರ ಮನೆಗಳಿಗೆ ಹಂಚಿ, ಕೌಟನ್ನು ಗಾಣಕ್ಕೆ ಕಳಿಸಿದ್ದೂ ಆಯಿತು. "ನಿನ್ನ ಡಾಕ್ಟ್ರಿಕೆ ಮುಗಿಯೋದ್ರೊಳಗೆ ನಮಗೆಲ್ಲ ಪಿತ್ತ ಕೆದರತ್ತೆ ಕಣೇ" ಎಂದು ಅತ್ತೆ ಗೊಣಗಿದರು.

ಕೊನೆಗೆ ಒಂದು ಕೆಟ್ಟ ಅನುಮಾನ ಹೊಕ್ಕಿತು. ವಯಸ್ಸಾಗಿದೆ, ಕಿವಿ ಮಂದವಾಗಿದೆಯೋ ಏನೋ. ಆದರೆ ಅದೇ ದಿನ ನಾನು ಪಂಚೆಯ ಈಚೆಯಿಂದ ಮಗಳಿಗೆ, "ಇವತ್ತು ಕಾಫಿ ಬೇಡಮ್ಮ, ಹೊಟ್ಟೆ ಸರಿಯಿಲ್ಲ" ಎಂದು ಪಿಸುಗುಟ್ಟಿದರೆ, ಆಚೆಯಿಂದ ಯಜಮಾನರು, "ಹಂಗಾರೆ ಮಜ್ಜಿಗೆ ಕೊಡು ಮಗ, ಜೀರಿಗೆ ಹಾಕಿ" ಎಂದರು. ಕಿವಿ ನೆಟ್ಟಗೇ ಇತ್ತು.

ಕಿವಿಗೆ ಹತ್ತಿ ಇಡುವ ಯೋಚನೆ ಬಂದದ್ದು ಆಗ. ಶಬ್ದ ಮಾತ್ರ ಕೊಟ್ಟಾಗ ಗೊತ್ತಾಗದಿದ್ದರೆ, ಶಬ್ದ ಮಾತ್ರ ಕಿತ್ತುಕೊಂಡಾಗ ಏನಾಗುತ್ತದೆ? ಮೇಲೆ ಹೇಳಿದ ಹಾಗೆ ಕೇಳಲು ಬಾಯಿ ಬರಲಿಲ್ಲ. ಕಡೆಗೂ ಒಂದು ದಿನ ಕೇಳಿದೆ.

"ಕಿವಿ ಮುಚ್ಕೊಂಡು ಕೊಬ್ಬರಿ ನೋಡೋದಾ? ಕಣ್ಣು ಕಟ್ಕೊಂಡು ಬಸ್ ಓಡ್ಸು ಅಂದಂಗಾಯ್ತಲ್ಲ ಮೇಡಮ್ನೋರೆ!"

"ಒಂದೇ ಒಂದು ಸಲ ಯಜಮಾನ್ರೇ. ತಪ್ಪಾದ್ರೆ ನಿಮ್ಮ ಕಿವಿ ದೊಡ್ಡದು ಅಂತ ನಾನು ಬರ್ಕೋತೀನಿ."

ಅದು ಅವರಿಗೆ ಹಿಡಿಸಿತು. ಹತ್ತಿ ಇಟ್ಟುಕೊಂಡು, ಅದರ ಮೇಲೆ ನನ್ನ ಹೆಡ್‌ಫೋನ್ ಹಾಕಿಸಿಕೊಂಡರು. ಅದರಲ್ಲಿ ಜೋರು ಮಳೆಯ ಸದ್ದು ಹಾಕಿದ್ದೆ. "ತಲೆ ಒಳ್ಗೇ ಮಳೆ ಬತ್ತಾ ಐತಲ್ಲ!" ಎಂದು ಮಂಡಿಯೆಲ್ಲ ಕೇಳುವಂತೆ ಕೂಗಿದರು. ಹಮಾಲಿಗಳು ನಕ್ಕರು. ಅಷ್ಟಾದರೂ ಅಭ್ಯಾಸಬಲದಿಂದ ಗಿಟುಕನ್ನು ಹೆಡ್‌ಫೋನಿನ ಪಕ್ಕಕ್ಕೇ ಒಯ್ದು ತಟ್ಟಿದರು, ಕಣ್ಣು ಅರೆಮುಚ್ಚಿದರು, ಎಂದಿನ ಹಾಗೆ ಹೇಳುತ್ತಾ ಹೋದರು. ತೋಚಿದ್ದು ಹೇಳಿದೆ, ಎಲ್ಲ ತಪ್ಪಿರ್ತದೆ ಎಂದು ಕೊನೆಗೆ ಹತ್ತಿ ಬಿಸಾಡಿದರು.

ಮನೆಗೆ ಹೋಗಿ ಒಡೆದೆ. ಹೆಚ್ಚುಕಡಿಮೆ ಎಲ್ಲವೂ ಸರಿಯಾಗಿತ್ತು.

ಅಡಿಗೆಮನೆಯ ನೆಲದ ಮೇಲೆ ಕೊಬ್ಬರಿ ಹೋಳುಗಳ ನಡುವೆ ಕೂತು ಒಂದೊಂದಾಗಿ ಮತ್ತೆ ನೋಡಿದೆ. ಇಷ್ಟು ವರ್ಷ ಇವರು ಕಿವಿಯಿಂದ ಕೊಬ್ಬರಿ ನೋಡೇ ಇಲ್ಲ. ಮುಂದಿನ ವಾರ ಕಿವಿ ಬಿಟ್ಟು, ಕೈಗೆ ದಪ್ಪ ಗ್ಲೌಸ್ ಹಾಕಿಸಿದೆ. ಫ್ಯಾನ್ ಆರಿಸಿ, ಸೂಜಿ ಬಿದ್ದರೆ ಕೇಳುವಷ್ಟು ನಿಶ್ಶಬ್ದ ಮಾಡಿಸಿದೆ. ಯಜಮಾನರು ತಟ್ಟಿದರು, ಹುಬ್ಬು ಗಂಟಿಕ್ಕಿದರು, ಮತ್ತೆ ತಟ್ಟಿದರು. ಅವತ್ತಿನ ಉತ್ತರಗಳು ಮಗಳ ಉತ್ತರಗಳ ಹಾಗೇ ಇದ್ದವು.

ಆಮೇಲೆ ಹಳೆಯ ವಿಡಿಯೋಗಳನ್ನು ಶಬ್ದ ತೆಗೆದು ನೋಡಿದೆ. ಕಣ್ಣೆದುರಿಗೇ ಇತ್ತು. ಯಜಮಾನರು ಮಗಳಿಗೆ "ಬಿಗಿಯಾಗಿ ಹಿಡಿ" ಎನ್ನುತ್ತಿದ್ದರು, ತಾವು ಮಾತ್ರ ಬೆರಳ ತುದಿಯಲ್ಲಿ ಸಡಿಲವಾಗಿ, ಆಗ ತಾನೆ ಹುಟ್ಟಿದ ಕೋಳಿಮರಿಯನ್ನು ಹಿಡಿದ ಹಾಗೆ ಹಿಡಿಯುತ್ತಿದ್ದರು. ತಟ್ಟಿದಾಗ ಗಿಟುಕಿನ ಕಂಪನ ಬೆರಳಿಗೆ ಬರುತ್ತಿತ್ತು. ತಟ್ಟುವ ಮೊದಲು ಅಂಗೈಯಲ್ಲಿ ಒಂದು ಸಣ್ಣ ಕುಲುಕು, ತೂಕ ಯಾವ ಕಡೆ ಇದೆಯೆಂದು. ಅದನ್ನು ತಾವು ಮಾಡುತ್ತಿದ್ದೇವೆಂದು ಅವರಿಗೇ ಗೊತ್ತಿರಲಿಲ್ಲ. ಮಗಳು ಅಪ್ಪ ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿ, ಬಿಗಿಯಾಗಿ ಹಿಡಿದು, ಆ ಕಂಪನವನ್ನೆಲ್ಲ ಕೈಯಲ್ಲೇ ಕೊಲ್ಲುತ್ತಿದ್ದಳು. ವಿಧೇಯಳಲ್ಲದಿದ್ದರೆ ಬೇಗ ಕಲಿಯುತ್ತಿದ್ದಳೋ ಏನೋ.

ದೀಪಾವಳಿ ಹತ್ತಿರ ಬಂದಿತ್ತು. ಆ ವಾರವೇ ಯಜಮಾನರು ನನ್ನನ್ನು ಕೂರಿಸಿಕೊಂಡು, "ನೀವು ಓದ್ದೋರು, ಹೇಳಿ. ಕಿವಿ ಅನ್ನೋದು ಕಲ್ತರೆ ಬತ್ತದಾ? ಮಗಳು ಅಂತ ನನ್ಗೂ ಆಸೆ ಐತೆ. ಆದ್ರೆ ಅವಳಿಗೆ ಆ ಕಿವಿ ಇಲ್ಲ. ಅಣ್ಣನ ಮಗಂಗೆ ಹೇಳಿ ಕಳಿಸ್ತೀನಿ" ಎಂದರು. ಅವರ ದನಿ ಭಾರವಾಗಿತ್ತು. ನನ್ನ ಬ್ಯಾಗಿನಲ್ಲಿ ಗ್ಲೌಸ್ ಇತ್ತು, ಬಾಯಲ್ಲಿ ಉತ್ತರ ಇತ್ತು.

ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಅವರು ಸ್ಪಷ್ಟವಾಗಿ ಹೇಳಿದರು: "ಈಗ ತಿಳಿಸಿದರೆ ಆ ಹುಡುಗಿಯ ಮಾಹಿತಿಯೆಲ್ಲ ಕೆಡುತ್ತದೆ. ಕಲಿಯುವವರ ಗುಂಪಿನಲ್ಲಿ ಅವಳೇ ಮುಖ್ಯ. ಅಳತೆ ಮುಗಿಯುವವರೆಗೆ ಕಾಯಿರಿ. ಆಮೇಲೆ ಎಲ್ಲರಿಗೂ ವಿವರಿಸುವುದು ಇದ್ದೇ ಇದೆ." ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಳತೆ ಮುಗಿಯುವುದು ಸಂಕ್ರಾಂತಿಯ ಹೊತ್ತಿಗೆ. ಅಷ್ಟರಲ್ಲಿ ಗಾದಿಯ ಮೇಲೆ ಬೇರೆಯವರು ಕೂತಿರುತ್ತಾರೆ, ತನಗೆ ಕಿವಿಯಿಲ್ಲವೆಂದು ಈ ಹುಡುಗಿ ಜೀವನಪೂರ್ತಿ ನಂಬಿರುತ್ತಾಳೆ. ಒಂದು ಪ್ರಬಂಧದ ಅಧ್ಯಾಯಕ್ಕೆ ಅಷ್ಟು ಬೆಲೆ ಇದೆಯೇ ಎಂದು ಕೇಳಿಕೊಂಡಾಗ ನನಗೆ ನನ್ನ ಮೇಲೇ ಸಿಟ್ಟು ಬಂತು, ಕೇಳಿಕೊಳ್ಳಬೇಕಾಯಿತಲ್ಲ ಎಂದು. ಮತ್ತೆ ಫೋನ್ ಮಾಡಿ, ಅವಳನ್ನು ಅಧ್ಯಯನದಿಂದ ಕೈಬಿಡುತ್ತಿದ್ದೇನೆ ಎಂದೆ. "ನಿಮ್ಮ ಪ್ರಬಂಧ ಒಂದು ವರ್ಷ ಹಿಂದೆ ಬೀಳುತ್ತದೆ" ಎಂದರು. ಬೀಳಲಿ ಸರ್ ಎಂದೆ.

ಹೇಳುವುದಾದರೆ ಮೊದಲು ತಂದೆಗೇ ಹೇಳಬೇಕು. ಅವರ ಬೆನ್ನ ಹಿಂದೆ ಮಗಳಿಗೆ ಹೇಳಿಕೊಡುವುದು ಸರಿಯಲ್ಲ. ಮಾರುಕಟ್ಟೆಗೆ ರಜೆಯಿದ್ದ ದಿನ, ಮಂಡಿಯಲ್ಲಿ ನಾವಿಬ್ಬರೇ ಇದ್ದಾಗ, ಪರದೆ, ಹತ್ತಿ, ಗ್ಲೌಸ್ ಈ ಮೂರೂ ಪ್ರಯೋಗಗಳಿಂದ ಎತ್ತಿಟ್ಟಿದ್ದ ಹೋಳುಗಳನ್ನು ಬೇರೆಬೇರೆ ಚೀಲದಲ್ಲಿ ತಂದು ಅವರ ಮುಂದೆ ಸುರಿದೆ. ಪ್ರತಿಯೊಂದರ ಮೇಲೂ ಅವರು ಹೇಳಿದ್ದನ್ನು ಬರೆದು ಅಂಟಿಸಿದ್ದೆ. ವಿಡಿಯೋ ತೋರಿಸಿದೆ. ಅವರು ಒಂದೊಂದೇ ಹೋಳು ತಿರುಗಿಸಿ ನೋಡಿದರು. ಮುಖ ಕಪ್ಪಿಟ್ಟಿತು.

"ಅಂದ್ರೆ ನಾನು ಇಷ್ಟು ವರ್ಷ ಊರಿಗೆಲ್ಲ ಸುಳ್ಳು ಹೇಳ್ದೆ ಅಂತೀರಾ?"

"ಇಲ್ಲ ಯಜಮಾನ್ರೇ. ನೀವು ಕೊಬ್ಬರಿ ಬಗ್ಗೆ ಹೇಳಿದ್ದು ಸುಳ್ಳಾಗಿಲ್ಲ. ಅದು ಹೇಗೆ ಗೊತ್ತಾಗುತ್ತೆ ಅನ್ನೋದು ಮಾತ್ರ ನಿಮಗೂ ಗೊತ್ತಿಲ್ಲ. ಇದು ನಿಮ್ಮೊಬ್ಬರ ವಿಷಯ ಅಲ್ಲ, ಕೈ ಪಳಗಿದೋರೆಲ್ಲ ಹೀಗೇ."

"ನಮ್ಮಪ್ಪಾಜೀನೂ ಕಿವಿ ಅಂತಲೇ ಹೇಳ್ಕೊಟ್ಟಿದ್ದು. ಫ್ಯಾನ್ ಬರೋಕೆ ಮುಂಚೆ ಬೀದಿ ಬಾಗ್ಲು ಹಾಕಿಸ್ತಿದ್ರು."

"ಅವರ ಕಿವಿಗೆ ಯಾರೂ ಹತ್ತಿ ಇಟ್ಟು ನೋಡಲಿಲ್ಲವಲ್ಲ."

ತಮಾಷೆಗೆ ಹೇಳಿದ್ದು. ಹೇಳಬಾರದಿತ್ತು. ಅವರು ಎದ್ದು ನಿಂತರು. "ಬಸ್ಸಿಗೆ ಹೊತ್ತಾಯ್ತು ನಿಮ್ಗೆ" ಎಂದರು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಕೈಮುಗಿದು ಹೊರಟೆ. ಗ್ಲೌಸು, ಹೆಡ್‌ಫೋನು, ಜಮಖಾನ ಎಲ್ಲ ಅಲ್ಲೇ ಉಳಿದವು. ಪ್ರಬಂಧವೂ ಹೋಯಿತು, ಆ ಹುಡುಗಿಗೂ ಉಪಯೋಗವಾಗಲಿಲ್ಲ ಎಂದು ಬಸ್ಸಿನಲ್ಲಿ ಅಳು ಬಂತು.

ಮಂಡಿಯಿಂದ ಯಾರೂ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಹಬ್ಬಕ್ಕೆ ಮನೆ ಸಾರಿಸುವ ಹೊತ್ತಿಗೆ ಅತ್ತೆಗೆ ಜಮಖಾನದ ನೆನಪಾಯಿತು. "ಕೊಬ್ಬರಿಯಂತೂ ಆಯ್ತು, ಜಮಖಾನಾನೂ ಹೋಯ್ತಾ?" ಎಂದು ಬೆಳಿಗ್ಗೆ ಸಂಜೆ ಶುರುವಿಟ್ಟರು. ಅವರ ಕಾಟ ತಾಳದೆ, ಕಾಲೇಜು ಮುಗಿಸಿ ಮಂಡಿಯ ಕಡೆ ಕಾಲೆಳೆದುಕೊಂಡು ಹೋದೆ. ಬಾಗಿಲಲ್ಲೇ ಸಿಕ್ಕ ಹಮಾಲಿಯೊಬ್ಬರು ದನಿ ತಗ್ಗಿಸಿ, "ಯಜಮಾನ್ರು ಈ ವಾರ ಎಲ್ಲ ನಿಮ್ಮ ಗ್ಲೌಸ್ ಹಾಕ್ಕೊಂಡು ಉಗ್ರಾಣದಾಗೆ ಬಾಗ್ಲು ಹಾಕ್ಕೊಂಡು ಕೂತ್ಕತಿದ್ರು ಮೇಡಂ. ಏನಾಗೈತೋ ಏನೋ" ಎಂದರು.

ಒಳಗೆ ಮಗಳು ಗಿಟುಕಿನ ರಾಶಿಯ ಮುಂದೆ ಕೂತಿದ್ದಳು. ಅವಳ ಹಿಂದೆ ಯಜಮಾನರು ಮಂಡಿಯೂರಿ, ತಮ್ಮ ಎರಡೂ ಅಂಗೈಯಿಂದ ಅವಳ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿದ್ದರು.

"ಸಡ್ಲ ಬಿಡು. ಇನ್ನೂ ಸಡ್ಲ" ಎಂದು ಅವರು ಕೂಗುತ್ತಿದ್ದರು, ಅವಳಿಗೆ ಕೇಳಿಸುವುದಿಲ್ಲ ಎನ್ನುವುದನ್ನು ಮರೆತು. ಅವಳು ತಟ್ಟಿದಳು. ಸ್ವಲ್ಪ ಹೊತ್ತು ಬೆರಳುಗಳನ್ನೇ ನೋಡಿಕೊಂಡಳು. ಗಿಟುಕನ್ನು ಎಡಗಡೆ ಇಟ್ಟು "ಕೌಟು" ಎಂದಳು. ಯಜಮಾನರು ಮಚ್ಚು ತೆಗೆದುಕೊಂಡು ಒಂದೇ ಏಟಿಗೆ ಹೋಳು ಮಾಡಿದರು. ಒಳಗೆ ಹಳದಿಯಾಗಿತ್ತು. ಅದರ ಮುಂದಿನದು ತಪ್ಪಿತು. ಅದರ ಮುಂದಿನದು ಸರಿಯಾಯಿತು. ಅವಳು ನನ್ನನ್ನು ನೋಡಿ ನಕ್ಕಳು. ಯಜಮಾನರು ನೋಡಿದರೂ ನೋಡದವರಂತೆ, "ಮೇಡಮ್ನೋರ ಜಮಖಾನ ಒಗಸಿ ಮಡಿಸಿ ಇಟ್ಟಿವ್ನಿ, ಕೊಡು ಮಗ" ಎಂದರು.

ಅಂಗಡಿ ಪೂಜೆಗೆ ನನಗೂ ಕರೆ ಬಂತು. ಮಠದಿಂದ ತಂದ ಹೂವನ್ನು ತಂದೆ ಮಗಳ ಕೈಗೆ ಕೊಟ್ಟು ಗಾದಿಯ ಮೇಲೆ ಕೂರಿಸಿದರು. ಪೂಜೆ ಮುಗಿದ ಮೇಲೆ ಶಾಸ್ತ್ರಕ್ಕೆಂದು ರೈತರೊಬ್ಬರು ಮೊದಲ ಚೀಲ ಬಿಚ್ಚಿದರು. ವಾಡಿಕೆಯಂತೆ ಯಾರೋ ಎದ್ದು ಸ್ವಿಚ್ಚಿಗೆ ಕೈ ಹಾಕಿದರು.

"ಇರ್ಲಿ ಬಿಡ್ಲಾ, ಸೆಕೆ ಐತೆ" ಎಂದರು ಯಜಮಾನರು.

ತಲೆಯ ಮೇಲೆ ಹಳೆಯ ಫ್ಯಾನು ಗರಗರ ತಿರುಗುತ್ತಿತ್ತು. ಅದರ ಸದ್ದಿನಲ್ಲಿ ಪಕ್ಕದವರ ಮಾತೂ ಸರಿಯಾಗಿ ಕೇಳುತ್ತಿರಲಿಲ್ಲ. ಹುಡುಗಿ ಅಂಗೈಯಲ್ಲಿ ಸ್ವಲ್ಪ ಕುಲುಕಿ, ಬೆರಳ ತುದಿಯಲ್ಲಿ ಸಡಿಲವಾಗಿ ಹಿಡಿದು, ಎದೆಯ ಮಟ್ಟದಲ್ಲೇ ತಟ್ಟಿ, ಒಂದನ್ನು ಬಲಕ್ಕೂ ಒಂದನ್ನು ಎಡಕ್ಕೂ ಹಾಕಿದಳು. ಎಡಕ್ಕೆ ಹಾಕಿದ್ದನ್ನು ರೈತರು ಒಡೆದು ನೋಡಿ ತಲೆಯಾಡಿಸಿದರು.

ಯಜಮಾನರು ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ನನ್ನ ಮುಖ ತಪ್ಪಿಸಿ, ಫ್ಯಾನಿನ ಸದ್ದಿಗಿಂತ ಜೋರಾಗಿ ಹೇಳಿದರು:

"ನಮ್ಮ ಮನೇದೇ ಕಿವಿ ಬಂದೈತೆ ಇವಳಿಗೆ!"